ಯಾವುದೂ ಕೆಟ್ಟಿರಲಿಲ್ಲ

"ಮಾಮ, ಮತ್ತೆ ಹೋಯ್ತು."

ರಾತ್ರಿ ಹನ್ನೊಂದೂವರೆಗೆ ತಂಗಿಯ ಮಗ ಫೋನ್ ಮಾಡಿ ಇಷ್ಟೇ ಹೇಳಿದ. ಏನು ಹೋಯ್ತು ಎಂದು ನಾನೂ ಕೇಳಲಿಲ್ಲ. 2023ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮಿಬ್ಬರ ನಡುವೆ ಆ ಮಾತಿಗೆ ಎರಡೇ ಅರ್ಥ ಇದ್ದವು. ಒಂದು, ಆಟದ ನಡುವೆ ಪರದೆಯ ಮೇಲೆ ಬಣ್ಣಬಣ್ಣದ ತ್ರಿಕೋನಗಳು ಚಿಮ್ಮಿ, ಗ್ರಾಫಿಕ್ಸ್ ಡಿವೈಸ್ ಕಳೆದುಹೋಗಿದೆ ಎಂಬ ಸಂದೇಶ ಬಂದು ಆಟ ಮುಚ್ಚಿಕೊಳ್ಳುವುದು. ಇನ್ನೊಂದು, ಯಾವ ಸಂದೇಶವೂ ಇಲ್ಲದೆ, ನೀಲಿ ಪರದೆಯೂ ಇಲ್ಲದೆ, ಯಾರೋ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದ ಹಾಗೆ ಇಡೀ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದು.

ಆ ಎರಡು ತಿಂಗಳ ಕಥೆಯನ್ನು ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಇದೇ ತೊಂದರೆಯಲ್ಲಿರುವ ಯಾರಿಗಾದರೂ ಉಪಯೋಗವಾದೀತು ಎನ್ನುವುದು ಒಂದು ಕಾರಣ. ಆ ದಿನಗಳಲ್ಲಿ ನಾನು ಒಬ್ಬರ ಮೇಲೆ ಹೊರಿಸಿದ ಆರೋಪ ಇನ್ನೊಂದು ಕಾರಣ.

ಕಂಪ್ಯೂಟರ್ ಹುಡುಗನದು. ಲಾಕ್‌ಡೌನ್ ಕಾಲದಲ್ಲಿ ನಾವಿಬ್ಬರೂ ಸೇರಿ ಮೈಸೂರಿನ ತಂಗಿಯ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಜೋಡಿಸಿದ್ದು. ರೈಜನ್ 5 ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್ ಕಡ್ಡಿ, 120 ವ್ಯಾಟ್‌ನ ಸಣ್ಣ ಗ್ರಾಫಿಕ್ಸ್ ಕಾರ್ಡ್, ಇವಕ್ಕೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ, ಅಂದರೆ 650 ವ್ಯಾಟ್‌ನ ಎಸ್‌ಎಂಪಿಎಸ್. ಎರಡು ವರ್ಷ ಒಂದು ದಿನವೂ ತಕರಾರು ಮಾಡಿರಲಿಲ್ಲ. ಆಮೇಲೆ ಅವನಿಗೆ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ 3ಡಿ ಮಾದರಿಗಳನ್ನು ಮಾಡುವ ಹುಚ್ಚು ಹತ್ತಿತು. ಆಟಗಳೂ ದೊಡ್ಡವಾದವು, ಸಣ್ಣ ಕಾರ್ಡ್ ಏದುಸಿರು ಬಿಡತೊಡಗಿತು.

ಕಾಲ ಕೂಡಿ ಬಂದಿತ್ತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಜಾಲ ತನ್ನ ಲೆಕ್ಕ ಬರೆಯುವ ಪದ್ಧತಿಯನ್ನೇ ಬದಲಿಸಿಕೊಂಡಿತು. ಅಲ್ಲಿಯವರೆಗೆ ಗ್ರಾಫಿಕ್ಸ್ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಹಗಲೂ ರಾತ್ರಿ ಓಡಿಸಿ ನಾಣ್ಯ ಗಳಿಸುತ್ತಿದ್ದವರಿಗೆ ಅವು ಒಂದೇ ದಿನದಲ್ಲಿ ಬೇಡವಾದವು. ಪ್ರಪಂಚದ ಎಲ್ಲ ಊರುಗಳಲ್ಲಿ ಸೆಕೆಂಡ್‌ಹ್ಯಾಂಡ್ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೂ ಬಂದವು. ಹುಡುಗ ಎರಡು ವರ್ಷ ಕೂಡಿಟ್ಟ ದುಡ್ಡು ಹಿಡಿದು, ನಾವು ಬೆಳಗಿನ ರೈಲು ಹತ್ತಿ ಹೋಗಿ, ಒಂದು ಚಿಕ್ಕ ಅಂಗಡಿಯಲ್ಲಿ 320 ವ್ಯಾಟ್‌ನ ಒಂದು ದೊಡ್ಡ ಕಾರ್ಡ್ ತಂದೆವು. ಬಾಕ್ಸ್ ಇರಲಿಲ್ಲ, ಬಬಲ್ ಕವರಿನಲ್ಲಿ ಸುತ್ತಿ ಕೊಟ್ಟರು. ಏಳು ದಿನದ ಟೆಸ್ಟಿಂಗ್ ವಾರಂಟಿ. ಅದೇ ದಿನ, ಹೇಗೂ ಬಂದಿದ್ದೇವಲ್ಲ ಎಂದು, ಪಕ್ಕದ ಅಂಗಡಿಯಲ್ಲಿ ಹಳೆಯ ರ‍್ಯಾಮ್‌ನದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೆರಡು ಕಡ್ಡಿ ಕೊಂಡೆವು.

ಅದೇ ದಿನ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡಿರಲಿಲ್ಲ.

ಮೂರನೆಯ ದಿನಕ್ಕೆ ತ್ರಿಕೋನಗಳು ಶುರುವಾದವು, ನಾಲ್ಕನೆಯ ದಿನಕ್ಕೆ ರೀಬೂಟ್. ಕಾರ್ಡ್ ಹೊಸದಾಗಿ ಬಂದಿದೆ, ಗಣಿಗಾರಿಕೆಗೆ (ಮೈನಿಂಗ್), ಅಂದರೆ ಆ ನಾಣ್ಯ ಗಳಿಸಲು, ಓಡಿದ ಕಾರ್ಡ್ ಎಂಬ ಅನುಮಾನ ಮೊದಲೇ ಇದೆ, ತೊಂದರೆ ಕಾಣುತ್ತಿರುವುದು ಪರದೆಯ ಮೇಲೆ. ಇನ್ನೇನು ಬೇಕು? ಕಂಪ್ಯೂಟರಿನಲ್ಲಿ ಮುಖ ಇರುವ ಭಾಗ ಅದೊಂದೇ. ರ‍್ಯಾಮ್ ತಪ್ಪು ಮಾಡಿದರೂ, ಪ್ರೊಸೆಸರ್ ತಪ್ಪು ಮಾಡಿದರೂ, ಕೊನೆಗೆ ಅದು ನಮಗೆ ಕಾಣಬೇಕಾದರೆ ಗ್ರಾಫಿಕ್ಸ್ ಕಾರ್ಡಿನ ಮೂಲಕವೇ ಕಾಣಬೇಕು. ಹಾಗಾಗಿ ಬೈಗುಳವೆಲ್ಲ ಅದಕ್ಕೇ ಬೀಳುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಸೇಫ್ ಮೋಡ್‌ಗೆ ಹೋಗಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್‌ನಿಂದ ಹಳೆಯ ಡ್ರೈವರಿನ (ಕಾರ್ಡನ್ನು ನಡೆಸುವ ತಂತ್ರಾಂಶದ) ಕುರುಹೆಲ್ಲ ಅಳಿಸಿ ಹೊಸದನ್ನು ಹಾಕಿದೆವು. ಆಮೇಲೆ ಆರು ತಿಂಗಳ ಹಿಂದಿನ ಡ್ರೈವರ್ ಹಾಕಿದೆವು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟೆವು. ಕಾರ್ಡಿನ ಬಿಸಿ 72 ಡಿಗ್ರಿ ದಾಟುತ್ತಿರಲಿಲ್ಲ, ಅಂದರೆ ಅದಕ್ಕೆ ಸೆಖೆಯೇನೂ ಆಗಿರಲಿಲ್ಲ. ಹಳೆಯ ಯುಪಿಎಸ್ 600 ವಿಎಯದು, 360 ವ್ಯಾಟ್ ತಡೆಯುವಂಥದ್ದು. ಹೊಸ ಕಾರ್ಡಿಗೆ ಅದು ಸಾಲದು ಎಂದು ಅದನ್ನು ಬಿಡಿಸಿ ನೇರ ಗೋಡೆಯ ಸಾಕೆಟ್ಟಿಗೇ ಕೊಟ್ಟೆವು. ಯಾವುದರಿಂದಲೂ ಏನೂ ಬದಲಾಗಲಿಲ್ಲ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆವು.

ಈ ಕೊನೆಯದನ್ನು ಮಾಡಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ವಿಂಡೋಸ್ ಹೊಸದಾಗಿ ಹಾಕಿದರೆ ರೋಗ ಹೋಗುತ್ತದೋ ಇಲ್ಲವೋ, ಸಾಕ್ಷಿಯಂತೂ ಹೋಗುತ್ತದೆ. ವಿಂಡೋಸ್ ಬರೆದಿಡುವ ದೋಷಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಮೂರು ವಾರದ ದಾಖಲೆ ಇತ್ತು. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿನ ದೋಷ ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಒಂದು ಸಲವೂ ಓದದೆ ಅಳಿಸಿಹಾಕಿದೆವು.

ಅಷ್ಟಾದ ಮೇಲೆ ನಾನು ಅಂಗಡಿಯವರಿಗೆ ಫೋನ್ ಮಾಡಿದೆ. ಹುಡುಗನ ಮುಖ ನೋಡಿ ಸಂಕಟವಾಗಿತ್ತು, ಸಿಟ್ಟೂ ಬಂದಿತ್ತು. "ಮೈನಿಂಗ್ ಮಾಡಿ ಹೀರಿ ಬಿಸಾಡಿದ ಕಾರ್ಡನ್ನ ಮಕ್ಕಳಿಗೆ ಮಾರ್ತೀರಲ್ಲ, ನಿಮಗೆ ಏನೂ ಅನ್ನಿಸಲ್ವಾ?" ಎಂದೆ. ಏಳು ದಿನದ ವಾರಂಟಿ ಮುಗಿದು ಎರಡು ವಾರವಾಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾರಂಟಿ ಬಿಡಿ ಸಾರ್, ತಗೊಂಡ್ ಬನ್ನಿ. ನಿಮ್ ಮುಂದೇನೇ ಹಾಕಿ ನೋಡೋಣ" ಎಂದರು.

ಹೋದೆವು. ಅವರ ಟೇಬಲ್ ಮೇಲೆ, ಬಿಚ್ಚಿಟ್ಟ ಮದರ್‌ಬೋರ್ಡಿಗೆ ಕಾರ್ಡ್ ಸಿಕ್ಕಿಸಿ, ಫರ್‌ಮಾರ್ಕ್ ಎಂಬ ಹಿಂಸೆಯ ಪರೀಕ್ಷೆಯನ್ನು ಎರಡು ಗಂಟೆ ಓಡಿಸಿದರು. ಆಮೇಲೆ ಒಂದು ಆಟವನ್ನೂ ಓಡಿಸಿದರು. ಒಂದು ಚುಕ್ಕೆ ಬರಲಿಲ್ಲ. "ಕಾರ್ಡ್ ಚೆನ್ನಾಗಿದೆ ಸಾರ್. ನಿಮ್ಮಲ್ಲಿ ಬೇರೆ ಏನೋ ಇದೆ" ಎಂದರು. ನಾನು ನಂಬಲಿಲ್ಲ. ರೋಗಿ ಡಾಕ್ಟರ ಮುಂದೆ ಹೋದಾಗ ಜ್ವರ ಇಳಿದಿರುತ್ತದಲ್ಲ, ಹಾಗೆ ಎಂದುಕೊಂಡು ರೈಲು ಹತ್ತಿ ಬಂದೆ. ದಾರಿಯುದ್ದಕ್ಕೂ ಹುಡುಗ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಚನ್ನಪಟ್ಟಣ ದಾಟುವವರೆಗೆ ಮಾತಾಡಲಿಲ್ಲ.

ಅವನ ಅಮ್ಮ, ನನ್ನ ತಂಗಿ, ಒಂದು ದಿನ ಸುಮ್ಮನೆ ಹೇಳಿದ ಮಾತು ನಮ್ಮನ್ನು ಇನ್ನೊಂದು ಕಡೆ ಎಳೆಯಿತು. "ಆ ಡಬ್ಬ ಒರೆಸುವಾಗ ಕೈ ಜುಮ್ ಅನ್ನುತ್ತೆ ಕಣೋ." ಕ್ಯಾಬಿನೆಟ್ಟಿನ ಬಣ್ಣ ಹೋದ ಮೂಲೆಯನ್ನು ನಾನೂ ಬರಿಗಾಲಲ್ಲಿ ನಿಂತು ಮುಟ್ಟಿ ನೋಡಿದೆ. ನಿಜ. ಮನೆ ಹಳೆಯದು. ಸಾಕೆಟ್ಟಿನಲ್ಲಿ ಮೂರು ತೂತಿತ್ತು, ಮೂರನೆಯದರ ಹಿಂದೆ ನೆಲಕ್ಕೆ ಹೋಗುವ ಅರ್ಥ್ ವೈರಿತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ.

ನಮ್ಮ ಬೀದಿಯ ವೈರ್‌ಮನ್ ಬಂದರು. ವಯಸ್ಸಾದವರು, ಯಾವ ಮೀಟರೂ ತರಲಿಲ್ಲ. ಹೋಲ್ಡರಿಗೆ ಹಾಕಿದ ಒಂದು ಬಲ್ಬ್, ಎರಡು ವೈರ್, ಅಷ್ಟೇ. ಫೇಸಿಗೂ ನ್ಯೂಟ್ರಲ್‌ಗೂ ಹಿಡಿದರೆ ಬಲ್ಬ್ ಝಗ್ಗೆಂದಿತು. ಫೇಸಿಗೂ ಅರ್ಥಿಗೂ ಹಿಡಿದರೆ ಕತ್ತಲೆ. "ಅರ್ಥೇ ಇಲ್ಲ ಸ್ವಾಮಿ" ಎಂದರು. ಇದನ್ನು ಯಾರೂ ಮನೆಯಲ್ಲಿ ತಾವೇ ಮಾಡಿ ನೋಡಬೇಡಿ, ಬಲ್ಲವರಿಂದಲೇ ಮಾಡಿಸಿ. ಎಸ್‌ಎಂಪಿಎಸ್ ಒಳಗೆ, ಕರೆಂಟಿನ ಗದ್ದಲವನ್ನು ಸೋಸಿ ನೆಲಕ್ಕೆ ಬಿಡಲೆಂದೇ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಒಂದು ಫೇಸಿನಿಂದ ಕ್ಯಾಬಿನೆಟ್ಟಿಗೆ, ಒಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ನೆಲಕ್ಕೆ ದಾರಿಯೇ ಇಲ್ಲದಿದ್ದರೆ ಕ್ಯಾಬಿನೆಟ್ ಇವೆರಡರ ನಡುವೆ, 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ತೂಗುತ್ತಿರುತ್ತದೆ. ಹರಿಯುವ ಕರೆಂಟು ತೀರ ಕಡಿಮೆಯಾದ್ದರಿಂದ ಜುಮ್ ಎನ್ನುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ.

ಹಿತ್ತಲಿನಲ್ಲಿ ಹಳೆಯ ಅರ್ಥ್ ಗುಂಡಿ ಇತ್ತು, ಪೈಪು ತುಕ್ಕು ತಿಂದು ತುಂಡಾಗಿತ್ತು. ಹೊಸ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಮನೆಯೊಳಗೆ ಹಸಿರು ವೈರ್ ಎಳೆದು ಮುಗಿಸಲು ಎರಡು ದಿನ ಹಿಡಿಯಿತು. "ಬೇಸಿಗೇಲಿ ವಾರಕ್ಕೊಂದು ಕೊಡ ನೀರು ಹಾಕಿ" ಎಂದು ಹೇಳಿ ಹೋದರು. ಅಂದಿನಿಂದ ಜುಮ್ ನಿಂತಿತು. ರೀಬೂಟ್ ನಿಲ್ಲಲಿಲ್ಲ. ಆದರೂ ಈ ಎರಡು ತಿಂಗಳಲ್ಲಿ ನಾವು ಮಾಡಿದ ಅತಿ ಮುಖ್ಯ ಕೆಲಸ ಇದೇ ಎಂದು ನಾನು ನಂಬಿದ್ದೇನೆ. ಆ ಮನೆಯಲ್ಲಿ ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟುವವರಿದ್ದಾರೆ, ಗೀಸರ್ ಹಾಕುವವರಿದ್ದಾರೆ.

ಅದಾದ ಮೇಲೆ ಹುಡುಗ ಒಂದು ನೋಟ್‌ಬುಕ್ ತೆಗೆದ. ಇನ್ನು ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕನಿಷ್ಠ ಎರಡು ದಿನ ಕಾಯುವುದು, ಆದದ್ದನ್ನೆಲ್ಲ ಗಂಟೆ ಸಮೇತ ಬರೆಯುವುದು ಎಂದು ನಿಶ್ಚಯಿಸಿದೆವು. ಅಲ್ಲಿಯವರೆಗೆ ನಾವು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಒಂದೇ ಸಂಜೆಗೆ ಡ್ರೈವರ್ ಬದಲಿಸಿ, ಫ್ಯಾನ್ ಇಟ್ಟು, ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸನ್ನು ಅಪ್‌ಡೇಟ್ ಮಾಡಿ, ಯಾವುದರಿಂದ ಏನಾಯಿತು ಎಂದು ತಿಳಿಯದೆ ಮಲಗುತ್ತಿದ್ದೆವು.

ನೋಟ್‌ಬುಕ್ಕಿನ ಜೊತೆಗೆ ಈವೆಂಟ್ ವ್ಯೂವರನ್ನೂ ಓದಲು ಕಲಿತೆವು. ರೀಬೂಟ್ ಆದಾಗಲೆಲ್ಲ ಅಲ್ಲಿ ಕೆಂಪು ಗುರುತಿನ ಒಂದು ಸಾಲು ಇರುತ್ತಿತ್ತು: ಕರ್ನಲ್-ಪವರ್, ನಂಬರ್ 41. ಇದನ್ನು ನೋಡಿ ಪವರ್ ಸಪ್ಲೈ ಹೋಗಿದೆ ಎಂದು ತೀರ್ಮಾನಿಸುವವರು ಬಹಳ ಜನ. ಆ ಸಾಲು ಹಾಗೆ ಹೇಳುವುದಿಲ್ಲ. ಕಂಪ್ಯೂಟರ್ ಮತ್ತೆ ಎದ್ದ ಮೇಲೆ, ಹಿಂದಿನ ಸಲ ತಾನು ಸರಿಯಾಗಿ ಮುಚ್ಚಿಕೊಂಡಿರಲಿಲ್ಲ ಎಂದು ಗೊತ್ತಾಗಿ ಬರೆಯುವ ಸಾಲು ಅದು. ಮೂರ್ಛೆ ತಪ್ಪಿ ಬಿದ್ದವನು ಎಚ್ಚರವಾದಾಗ "ನಾನು ಬಿದ್ದಿದ್ದೆ" ಎಂದಷ್ಟೇ ಹೇಳಬಲ್ಲ. ಯಾಕೆ ಬಿದ್ದೆ ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಆ ಸಾಲನ್ನು ಬಿಚ್ಚಿ ನೋಡಿದರೆ ಒಳಗೆ ಬಗ್‌ಚೆಕ್‌ಕೋಡ್ ಎಂಬ ಒಂದು ಸಂಖ್ಯೆ ಇರುತ್ತದೆ. ವಿಂಡೋಸ್ ತಾನೇ ದೋಷ ಕಂಡು ನೀಲಿ ಪರದೆ ತೋರಿಸಿ ಬಿದ್ದಿದ್ದರೆ ಅಲ್ಲಿ ಸಾಮಾನ್ಯವಾಗಿ ಆ ದೋಷದ ಸಂಖ್ಯೆ ಇರುತ್ತದೆ. ನಮ್ಮದರಲ್ಲಿ ಪ್ರತಿ ಸಲವೂ ಸೊನ್ನೆ. ಅಂದರೆ ವಿಂಡೋಸಿಗೆ ಒಂದಕ್ಷರ ಬರೆಯಲೂ ಸಮಯ ಸಿಕ್ಕಿರಲಿಲ್ಲ.

ತ್ರಿಕೋನಗಳ ದಿನ ಬರುತ್ತಿದ್ದ ಸಾಲೇ ಬೇರೆ: ನಂಬರ್ 4101, ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಚೇತರಿಸಿಕೊಂಡಿದೆ. ಇದರ ಹಿಂದೆ ವಿಂಡೋಸ್ ವಿಸ್ತಾ ಕಾಲದಿಂದ ಬಂದ ಒಂದು ಏರ್ಪಾಡಿದೆ. ಕಾರ್ಡಿಗೆ ಕೊಟ್ಟ ಕೆಲಸ 2 ಸೆಕೆಂಡಿನೊಳಗೆ ಮುಗಿಯದಿದ್ದರೆ, ಮುಗಿಸದೆ ದಾರಿಯನ್ನೂ ಬಿಡದಿದ್ದರೆ, ವಿಂಡೋಸ್ ಡ್ರೈವರನ್ನು ಎಬ್ಬಿಸಿ ಹೊಸದಾಗಿ ಶುರು ಮಾಡಿಸುತ್ತದೆ. ಪರದೆ ಒಂದು ಗಳಿಗೆ ಕಪ್ಪಾಗಿ ಮತ್ತೆ ಬರುತ್ತದೆ. ಆಟಕ್ಕೆ ಮಾತ್ರ ತನ್ನ ಕಾರ್ಡು ಕೈಬಿಟ್ಟು ಹೋದಂತಾಗಿ ಮುಚ್ಚಿಕೊಳ್ಳುತ್ತದೆ. ಮೊದಲಾಗಿದ್ದರೆ ಇಂಥ ಹೊತ್ತಿನಲ್ಲಿ ಇಡೀ ಕಂಪ್ಯೂಟರ್ ಸ್ತಬ್ಧವಾಗುತ್ತಿತ್ತು.

ಎರಡು ಬೇರೆ ಬೇರೆ ಸಾಲುಗಳು ಕಣ್ಣೆದುರಿಗೇ ಇದ್ದವು. ಆದರೂ ನನ್ನ ತಲೆಯಲ್ಲಿ ಒಂದೇ ಅಪರಾಧಿ ಕೂತಿದ್ದ. ಕಾರ್ಡ್ ಸ್ವಲ್ಪ ಕೆಟ್ಟಾಗ ತ್ರಿಕೋನ, ಜಾಸ್ತಿ ಕೆಟ್ಟಾಗ ರೀಬೂಟ್ ಎಂದು ಅವೆರಡನ್ನೂ ಒಂದೇ ದಾರಕ್ಕೆ ಪೋಣಿಸಿಬಿಟ್ಟಿದ್ದೆ.

ದಾರ ಬಿಚ್ಚಿದವನು ಹುಡುಗ. ಒಂದು ಭಾನುವಾರ ನೋಟ್‌ಬುಕ್ ತಂದು ಮುಂದಿಟ್ಟ. "ಮಾಮ, ಇಲ್ಲಿ ನೋಡಿ. ರೀಬೂಟ್ ಆಗೋದು ಜೋರಾಗಿ ಆಡೋವಾಗ ಅಲ್ಲ. ಲೋಡಿಂಗ್ ಮುಗಿದು ಆಟ ತೆರೆಯೋ ಕ್ಷಣಕ್ಕೆ ನಾಲ್ಕು ಸಲ. ಮೆನುವಿಗೆ ಬಂದ ತಕ್ಷಣ ಮೂರು ಸಲ. ನಾನು ಅರ್ಧ ಗಂಟೆ ಫರ್‌ಮಾರ್ಕ್ ಓಡಿಸ್ದೆ, ಏನೂ ಆಗ್ಲಿಲ್ಲ."

ನಾನು ಆ ಪುಟವನ್ನು ಬಹಳ ಹೊತ್ತು ನೋಡಿದೆ. ಭಾರ ಹೊತ್ತಾಗ ಬೀಳುತ್ತಿಲ್ಲ, ಭಾರ ಒಮ್ಮೆಲೇ ಬಿದ್ದಾಗ ಬೀಳುತ್ತಿದೆ. ಲೋಡಿಂಗ್ ಹೊತ್ತಿನಲ್ಲಿ ಕಾರ್ಡಿಗೆ ಕೆಲಸವಿಲ್ಲ, ಮುಗಿದ ಕೂಡಲೇ ಪೂರ್ತಿ ಕೆಲಸ. ಮೆನುವಿನಲ್ಲಿ ಬಿಡಿಸುವುದು ಏನೂ ಇಲ್ಲವಾದ್ದರಿಂದ, ಕಡಿವಾಣ ಹಾಕದಿದ್ದರೆ, ಕಾರ್ಡ್ ಸೆಕೆಂಡಿಗೆ ಐನೂರು ಆರುನೂರು ಫ್ರೇಮ್ ಬಿಡಿಸಲು ಓಡುತ್ತದೆ. ಫರ್‌ಮಾರ್ಕ್ ಅಂದರೆ ಏರು ರಸ್ತೆಯಲ್ಲಿ ಸಮವೇಗದಲ್ಲಿ ಹೋಗುವ ಲಾರಿ. ಆಟವಾದರೆ ಸಿಟಿ ಬಸ್ಸು, ನಿಲ್ಲುತ್ತದೆ, ಹೊರಡುತ್ತದೆ.

320 ವ್ಯಾಟ್ ಎನ್ನುವುದು ಸರಾಸರಿ ಲೆಕ್ಕ. ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಇಂಥ ಕಾರ್ಡುಗಳು ಅದಕ್ಕಿಂತ ಎಷ್ಟೋ ಮೇಲೆ ಜಿಗಿದು ಇಳಿಯುತ್ತವೆ. ಆ ಜಿಗಿತ ಹೊಸ ಪೀಳಿಗೆಯ ಕಾರ್ಡುಗಳ ಜೊತೆ ಎಷ್ಟು ದೊಡ್ಡ ತಲೆನೋವಾಯಿತೆಂದರೆ, 2022ರ ಫೆಬ್ರವರಿಯಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 ಎಂಬ ನಿಯಮಾವಳಿಯಲ್ಲಿ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಮೇಲೆ ಬರೆದ ವ್ಯಾಟ್‌ನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡೆಯಬೇಕು ಎಂದೇ ಬರೆದರು. ನಮ್ಮ ಎಸ್‌ಎಂಪಿಎಸ್ ಅದಕ್ಕೂ ಹಿಂದಿನದು. ಕಾರ್ಡಿಗೆ 320, ಪ್ರೊಸೆಸರಿಗೆ ನೂರು, ಉಳಿದದ್ದಕ್ಕೆ ಐವತ್ತು ಎಂದು ಕೂಡಿಸಿ, 650 ಧಾರಾಳವಾಯಿತು ಎಂದು ನಾನೇ ಲೆಕ್ಕ ಹಾಕಿ ಹೇಳಿದ್ದೆ. ಸರಾಸರಿಗೆ ಅದು ಸಾಕು. ಕ್ಷಣದ ಲೆಕ್ಕಕ್ಕೆ ಸಾಲದು.

ಮಲ್ಟಿಮೀಟರ್ ಹಿಡಿದು ನೋಡಿದವರಿಗೆ ಇದು ಕಾಣುವುದಿಲ್ಲ. 12 ವೋಲ್ಟಿನ ತಂತಿ 11.4ಕ್ಕಿಂತ ಕೆಳಗೆ ಹೋಗಬಾರದು. ನಾವು ನೋಡಿದಾಗಲೆಲ್ಲ 12.1 ಇರುತ್ತಿತ್ತು. ಮೀಟರಿನ ಕಣ್ಣು ನಿಧಾನ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕಟ್ಟಿನಲ್ಲಿ ಒಂದು ಬೂದು ಬಣ್ಣದ ತಂತಿ ಇದೆ. "ಎಲ್ಲ ಸರಿಯಿದೆ, ನಡಿ" ಎಂದು ಬೋರ್ಡಿಗೆ ಹೇಳುತ್ತಾ ಇರುವುದೊಂದೇ ಅದರ ಕೆಲಸ. ವೋಲ್ಟೇಜ್ ಕುಸಿದ ಗಳಿಗೆಯಲ್ಲಿ ಆ ಮಾತು ನಿಲ್ಲುತ್ತದೆ, ಮದರ್‌ಬೋರ್ಡ್ ಅಲ್ಲಿಗೇ ರೀಸೆಟ್ ಆಗುತ್ತದೆ. ಬಗ್‌ಚೆಕ್‌ಕೋಡ್ ಸೊನ್ನೆಯಾಗುವುದು ಇಂಥಲ್ಲಿ.

ಹೊಸ ಎಸ್‌ಎಂಪಿಎಸ್‌ಗೆ ದುಡ್ಡು ಹಾಕುವ ಮೊದಲು ಪರೀಕ್ಷೆ ಮಾಡಬೇಕಿತ್ತು. ಕಾರ್ಡಿಗೆ ಕರೆಂಟು ಕೊಡುವ ಎರಡು 8-ಪಿನ್ ಬಾಯಿಗಳಿಗೂ ಒಂದೇ ಕೇಬಲ್ಲಿನ ಕವಲುಗಳನ್ನು ಕೊಟ್ಟಿದ್ದೆವು. ಅದನ್ನು ತೆಗೆದು ಎರಡು ಬೇರೆ ಕೇಬಲ್ ಹಾಕಿದೆವು. ರೀಬೂಟ್ ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ತೆರೆದು ಕಾರ್ಡಿನ ಪವರ್ ಲಿಮಿಟ್ಟನ್ನು 70 ಪ್ರತಿಶತಕ್ಕೆ, ಅಂದರೆ 224 ವ್ಯಾಟಿಗೆ ಇಳಿಸಿದೆವು. ಆಟದ ವೇಗ ಸ್ವಲ್ಪ ತಗ್ಗಿತು. ಆರು ದಿನ ಒಂದೂ ರೀಬೂಟ್ ಇಲ್ಲ.

ಆ ಆರು ದಿನಗಳಲ್ಲಿ ತ್ರಿಕೋನಗಳು ಐದು ಸಲ ಬಂದವು.

ಅಲ್ಲಿಗೆ ನನಗೆ ಹೊಳೆಯಿತು. ಇದು ಒಂದು ರೋಗವಲ್ಲ, ಎರಡು. ಕಾರ್ಡಿನ ಆಹಾರ ಕಡಿಮೆ ಮಾಡಿದ್ದಕ್ಕೆ ಒಂದು ನಿಂತಿತು, ಇನ್ನೊಂದಕ್ಕೆ ಅದರ ಪರಿವೆಯೇ ಇಲ್ಲ. ಒಂದೇ ಕಾಲಕ್ಕೆ ಎರಡು ರೋಗ ಬರಲು ಏನು ಕಾರಣ ಎಂದು ಯೋಚಿಸಿದಾಗ ಎಸ್‌ಪಿ ರೋಡಿನ ಆ ದಿನ ನೆನಪಾಯಿತು. ನಾವು ಒಂದು ವಸ್ತುವನ್ನು ತಂದಿರಲಿಲ್ಲ. ಎರಡನ್ನು ತಂದಿದ್ದೆವು.

ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ವಿಂಡೋಸ್ ಹತ್ತಿರಕ್ಕೂ ಹೋಗದೆ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿದೆವು. ನಾಲ್ಕೂ ಕಡ್ಡಿ, 3600ರ ವೇಗ. ಮೊದಲ ಸುತ್ತು ಮುಗಿಯುವ ಮೊದಲೇ ಪರದೆಯ ಮೇಲೆ ಕೆಂಪು ಸಾಲುಗಳು. ಹುಡುಗ "ಹೊಸ ರ‍್ಯಾಮ್ ಕೆಟ್ಟಿದೆ" ಎಂದು ಎದ್ದೇ ನಿಂತ. ನಾನು ಕೂರಿಸಿದೆ. ಹೊಸ ಎರಡನ್ನೇ ಹಾಕಿ ಒಂದು ರಾತ್ರಿ ಓಡಿಸಿದೆವು. ಸೊನ್ನೆ ದೋಷ. ಹಳೆಯ ಎರಡನ್ನೇ ಹಾಕಿ ಇನ್ನೊಂದು ರಾತ್ರಿ. ಸೊನ್ನೆ. ನಾಲ್ಕನ್ನೂ ಹಾಕಿದ ಕೂಡಲೇ ಮತ್ತೆ ಕೆಂಪು. ನಾಲ್ಕನ್ನೂ ಇಟ್ಟುಕೊಂಡು ವೇಗವನ್ನು 3200ಕ್ಕೆ ಇಳಿಸಿದಾಗ, ರಾತ್ರಿಯಿಡೀ ಸೊನ್ನೆ.

ರ‍್ಯಾಮ್ ಡಬ್ಬದ ಮೇಲೆ ಬರೆದಿರುವ 3600 ಎನ್ನುವುದು ಆ ಡಬ್ಬದಲ್ಲಿರುವ ಜೋಡಿಗೆ ಕೊಟ್ಟ ಮಾತು. ಎಕ್ಸ್‌ಎಂಪಿ ಎಂದು ಬಯೋಸಿನಲ್ಲಿ ನಾವು ಒತ್ತುವ ಗುಂಡಿ ಆ ಮಾತನ್ನು ಜಾರಿಗೆ ತರುತ್ತದೆ. ನಾಲ್ಕು ಕಡ್ಡಿಗಳಾದಾಗ ಅವುಗಳನ್ನು ನಡೆಸುವ ಹೊರೆ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿಗೆ ಹೆಚ್ಚುತ್ತದೆ. ಅದೇ ಮಾಡೆಲ್ ಆದರೂ ಬೇರೆ ಬ್ಯಾಚಿನ ಕಡ್ಡಿಗಳಲ್ಲಿ ಚಿಪ್ಪುಗಳೇ ಬೇರೆ ಇರಬಹುದು. ಹಳೆಯ ಜೋಡಿಗೂ ಹೊಸ ಜೋಡಿಗೂ ಹೊಂದಿಕೆ ಆಗಲಿಲ್ಲ.

ರ‍್ಯಾಮ್‌ನ ತಪ್ಪು ಪರದೆಯ ಮೇಲೆ ತ್ರಿಕೋನವಾಗಿ ಬರುವುದು ಹೇಗೆ ಎಂದು ಹುಡುಗ ಕೇಳಿದ. ಆಟದ ಕಾಡು, ಬೆಟ್ಟ, ಮುಖ, ಬಟ್ಟೆ ಎಲ್ಲವೂ ಡಿಸ್ಕಿನಲ್ಲಿ ಹಿಂಡಿ ಮಡಚಿಟ್ಟ ಸ್ಥಿತಿಯಲ್ಲಿರುತ್ತವೆ. ಪ್ರೊಸೆಸರ್ ಅವನ್ನು ಬಿಡಿಸಿ ರ‍್ಯಾಮ್‌ನಲ್ಲಿ ಹರವಿ, ಅಲ್ಲಿಂದ ಕಾರ್ಡಿಗೆ ಕಳಿಸುತ್ತದೆ. ದಾರಿಯಲ್ಲಿ ಒಂದು ಸೊನ್ನೆ ಒಂದಾದರೆ, ಬೆಟ್ಟದ ಒಂದು ಮೂಲೆ ಆಕಾಶದಾಚೆ ಎಲ್ಲೋ ಹೋಗಿ ನಿಲ್ಲುತ್ತದೆ. ಕಾರ್ಡ್ ಹೇಳಿದಷ್ಟನ್ನು ಬಿಡಿಸುತ್ತದೆ. ನಮಗೆ ಕಾಣುವುದು ಪರದೆ ಸೀಳಿಕೊಂಡು ಹೋಗುವ ತ್ರಿಕೋನ. ಇನ್ನು ಕಾರ್ಡಿಗೆ ಕೊಡುವ ಆಜ್ಞೆಗಳ ಪಟ್ಟಿಯಲ್ಲೇ ಆ ತಪ್ಪು ನುಸುಳಿದರೆ, ಕಾರ್ಡ್ ಅರ್ಥವಿಲ್ಲದ ಕೆಲಸದಲ್ಲಿ ಸಿಕ್ಕಿಬೀಳುತ್ತದೆ, 2 ಸೆಕೆಂಡ್ ಮುಗಿಯುತ್ತದೆ, 4101 ಬರುತ್ತದೆ. ತಪ್ಪು ಆಜ್ಞೆಯನ್ನು ನಿಷ್ಠೆಯಿಂದ ಪಾಲಿಸಿದವನ ಮೇಲೆ ನಾವು ಎರಡು ತಿಂಗಳು ಕೆಂಡ ಕಾರಿದ್ದೆವು.

ಇದು ನಮ್ಮೊಬ್ಬರ ಅನುಭವವೇನಲ್ಲ ಎಂದು ಮರುವರ್ಷ ಗೊತ್ತಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳಿದ್ದ ಕಂಪ್ಯೂಟರುಗಳಲ್ಲಿ, ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದ ಮೇಲೆ ಕಟ್ಟಿದ ಆಟಗಳು ವಿಡಿಯೋ ಮೆಮೊರಿ ಸಾಲದು ಎಂದು ಹೇಳಿ ಮುಚ್ಚಿಕೊಳ್ಳತೊಡಗಿದ್ದವು. ಕಾರ್ಡಿನಲ್ಲಿ ಮೆಮೊರಿ ಬೇಕಾದಷ್ಟಿತ್ತು. ಹಿಂಡಿಟ್ಟ ಮಾಹಿತಿಯನ್ನು ಬಿಡಿಸುವ ಕೆಲಸದಲ್ಲಿ ಪ್ರೊಸೆಸರೇ ಎಡವುತ್ತಿತ್ತು. ಕೊನೆಗೆ ಇಂಟೆಲ್ ತಾನೇ ಕಾರಣ ಒಪ್ಪಿಕೊಂಡಿತು, ವೋಲ್ಟೇಜ್ ಅಗತ್ಯಕ್ಕಿಂತ ಮೇಲೇರುತ್ತಿದೆ ಎಂದಿತು, ಆಗಸ್ಟಿನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಷ್ಟರೊಳಗೆ ಎಷ್ಟು ಜನ ಏನೂ ಆಗದ ಗ್ರಾಫಿಕ್ಸ್ ಕಾರ್ಡುಗಳನ್ನು ವಾಪಸ್ ಮಾಡಿದರೋ, ಎಷ್ಟು ಅಂಗಡಿಯವರು ಬೈಗುಳ ತಿಂದರೋ ಎಂದು ಓದುವಾಗ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಉಳಿದದ್ದು ಬೇಗ ಮುಗಿಯಿತು. ಗೆಳೆಯನೊಬ್ಬ ತನ್ನ 850 ವ್ಯಾಟ್‌ನ ಎಸ್‌ಎಂಪಿಎಸ್ಸನ್ನು ಒಂದು ವಾರಕ್ಕೆ ಕೊಟ್ಟ. ಪವರ್ ಲಿಮಿಟ್ಟನ್ನು ಮತ್ತೆ ನೂರಕ್ಕೆ ಏರಿಸಿ, ರ‍್ಯಾಮ್ 3200ರಲ್ಲೇ ಇಟ್ಟು, ಹುಡುಗ ವಾರವಿಡೀ ಆಡಿದ, ಎರಡು ರಾತ್ರಿ ಬ್ಲೆಂಡರಿನಲ್ಲಿ ರೆಂಡರ್ ಹಾಕಿದ. ನೋಟ್‌ಬುಕ್ಕಿನ ಆ ಪುಟದಲ್ಲಿ ತಾರೀಖುಗಳಿವೆ, ಅವುಗಳ ಮುಂದೆ ಏನೂ ಇಲ್ಲ. ಆಮೇಲೆ ನಾವೇ ಒಂದು ಕೊಂಡೆವು. ಹಳೆಯ 650 ಈಗ ತಂಗಿಯ ಆಫೀಸಿನ ಕಂಪ್ಯೂಟರಿನಲ್ಲಿದೆ, ಚೆನ್ನಾಗಿ ನಡೆಯುತ್ತಿದೆ. ಕಾರ್ಡ್ ಇಂದಿಗೂ ಹುಡುಗನ ಹತ್ತಿರವೇ ಇದೆ. ನಾಲ್ಕು ರ‍್ಯಾಮ್ ಕಡ್ಡಿಗಳೂ ಅಲ್ಲೇ ಇವೆ. ಏನನ್ನೂ ಕಸಕ್ಕೆ ಹಾಕಲಿಲ್ಲ, ಏಕೆಂದರೆ ಯಾವುದೂ ಕೆಟ್ಟಿರಲಿಲ್ಲ. ಬಿಡಿಬಿಡಿಯಾಗಿ ಪರೀಕ್ಷೆ ಮಾಡಿದ್ದರೆ ಎಲ್ಲವೂ ಪಾಸಾಗುತ್ತಿದ್ದವು. ಅಂಗಡಿಯವರ ಟೇಬಲ್ ಮೇಲೆ ಕಾರ್ಡ್ ಪಾಸಾದದ್ದೂ ಹಾಗೆಯೇ.

ಇಂಥ ತೊಂದರೆಯಲ್ಲಿ ಯಾರಾದರೂ ನನ್ನನ್ನು ಕೇಳಿದರೆ ಈಗ ಮೊದಲು ಕೇಳುವುದು ಎರಡೇ ಪ್ರಶ್ನೆ. ಬೀಳುವ ಮೊದಲು ಕಂಪ್ಯೂಟರ್ ಏನಾದರೂ ಹೇಳಿತೇ, ಇಲ್ಲ ಮಾತಿಲ್ಲದೆ ಬಿತ್ತೇ? ಮಾತಾಡಿ ಬಿದ್ದರೆ ರ‍್ಯಾಮ್, ಡ್ರೈವರ್, ಕಾರ್ಡಿನ ಮೆಮೊರಿ, ಪ್ರೊಸೆಸರಿನ ಕಡೆ ನೋಡಿ. ಮಾತಿಲ್ಲದೆ ಬಿದ್ದರೆ ಕರೆಂಟಿನ ದಾರಿಯನ್ನು ಮೊದಲು ನೋಡಿ, ಗೋಡೆಯ ಸಾಕೆಟ್ಟಿನಿಂದ ಹಿಡಿದು ಕಾರ್ಡಿನ ಬಾಯಿಯವರೆಗೆ. ಎರಡನೆಯ ಪ್ರಶ್ನೆ, ತೊಂದರೆ ಶುರುವಾಗುವ ಮುಂಚಿನ ವಾರ ಏನೇನು ಬದಲಾಯಿಸಿದಿರಿ? ದೊಡ್ಡದನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆ ತಂದ ಚಿಕ್ಕದನ್ನು ಹೇಳಲು ಮರೆಯುತ್ತಾರೆ.

ಅಂಗಡಿಯವರಿಗೆ ಫೋನ್ ಮಾಡಲು ನನಗೆ ಇನ್ನೂ ಹತ್ತು ದಿನ ಹಿಡಿಯಿತು. ಒಂದು ಸಂಜೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿದೆ. ಕಾರ್ಡ್ ಚೆನ್ನಾಗಿದೆ, ಮೊದಲಿನಿಂದಲೂ ಚೆನ್ನಾಗಿತ್ತು, ನಾನು ಹಾಗೆ ಮಾತಾಡಬಾರದಿತ್ತು, ಕ್ಷಮಿಸಿ ಎಂದೆ. ಆ ಕಡೆ ಸ್ಕ್ರೂಡ್ರೈವರ್ ಟೇಬಲ್ ಮೇಲೆ ಇಟ್ಟ ಸದ್ದು ಕೇಳಿಸಿತು.

"ಅಯ್ಯೋ ಅದಕ್ಯಾಕೆ ಸಾರ್. ಏನಾಗಿತ್ತು ಕೊನೆಗೆ?"

ಹೇಳಿದೆ. ಅವರು ನಡುವೆ ಒಂದೆರಡು ಸಲ ತಡೆದು ಕೇಳಿದರು: ರೀಬೂಟ್ ಲೋಡಿಂಗ್ ಮುಗಿಯುವಾಗಲೇ ಆಗುತ್ತಿತ್ತಾ, ಪವರ್ ಲಿಮಿಟ್ ಎಷ್ಟಕ್ಕೆ ಇಳಿಸಿದಿರಿ, ರ‍್ಯಾಮ್ ಬೇರೆ ಬೇರೆಯಾಗಿ ಹಾಕಿದಾಗ ಪಾಸಾಯಿತಾ. ತುಮಕೂರಿನ ಒಬ್ಬ ಹುಡುಗ ಇದೇ ತರಹದ ಕಾರ್ಡನ್ನು ಮೂರು ಸಲ ವಾಪಸ್ ತಂದಿದ್ದಾನಂತೆ, ಇವರ ಟೇಬಲ್ ಮೇಲೆ ಮೂರು ಸಲವೂ ಏನೂ ಆಗಿಲ್ಲವಂತೆ.

"ಒಂದ್ನಿಮಿಷ ಸಾರ್, ಪೆನ್ ತಗೋತೀನಿ" ಎಂದರು. ಹುಡುಗ ಒಳಗೆ ಹೋಗಿ ನೋಟ್‌ಬುಕ್ ತಂದ. ಫೋನನ್ನು ಅವನ ಕೈಗೆ ಕೊಟ್ಟೆ. ಮೊದಲ ಪುಟದಿಂದ ಅವನು ಓದಲು ಶುರು ಮಾಡಿದ, ತಾರೀಖು, ಗಂಟೆ, ಏನು ಬದಲಿಸಿದೆವು, ಏನಾಯಿತು.

"ನಿಧಾನ ಹೇಳಪ್ಪ" ಎಂದರು ಅವರು. "ಬರ್ಕೊಳ್ತಾ ಇದೀನಿ."